ವೈಮಾನಿಕ ವೃತ್ತಿ ಮತ್ತು ಸಾಧಾರಣ ಅಂಕಗಳ ವಿದ್ಯಾರ್ಥಿ

ಪ್ರತಿವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ವಿಜಯಪುರದ ಇಬ್ರಾಹಿಂಪುರದಂತಹ ಬಡಾವಣೆಗಳಲ್ಲಿ ಎರಡು ಬಗೆಯ ಮನೆಗಳು ಕಂಡುಬರುತ್ತವೆ. ಹೆಚ್ಚು ಅಂಕ ಬಂದ ಮನೆಯಲ್ಲಿ ಪೇಢೆ ಹಂಚುವ ಸಡಗರ. ಕಡಿಮೆ ಬಂದ ಮನೆಯಲ್ಲಿ ಮೌನ. ಆ ಮೌನದ ಮನೆಯ ಹುಡುಗನು ತಾನು ವಿಮಾನಚಾಲಕನಾಗಬೇಕೆಂದು ಬಾಯಿಬಿಟ್ಟು ಹೇಳಿದರೆ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನೂರಕ್ಕ ನಾಲ್ವತ್ತೆಂಟು ತಗೊಂಡಾಂವ ವಿಮಾನ ಹಾರಸ್ತಾನೇನು?”

ಈ ಪ್ರಶ್ನೆಗೆ ನಗುವಿನಿಂದ ಉತ್ತರ ಕೊಡುವುದು ಸುಲಭ. ನಿಯಮಾವಳಿಯಿಂದ ಉತ್ತರ ಕೊಡುವುದು ಶಿಕ್ಷಕರ ಕರ್ತವ್ಯ. ನಿಯಮಗಳನ್ನು ಬಿಚ್ಚಿ ನೋಡಿದಾಗ ತಿಳಿದುಬರುವ ಸಂಗತಿಯೆಂದರೆ, ಕಡಿಮೆ ಅಂಕಗಳು ಈ ಹುಡುಗನಿಗೆ ಮುಚ್ಚುವ ಬಾಗಿಲುಗಳು ಜನರು ಭಾವಿಸಿದಷ್ಟು ಅನೇಕವಲ್ಲ. ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಒಳಗಿನ ದಾರಿ ಸುಗಮವೆಂದು ತಿಳಿಯುವುದೂ ಅಷ್ಟೇ ದೊಡ್ಡ ತಪ್ಪು.

ಮೊದಲಿಗೆ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ವೈದ್ಯನಾಗಲು ವೈದ್ಯಕೀಯ ಕಾಲೇಜು ಇರುವಂತೆ ಪೈಲಟ್ ಆಗಲು ಪದವಿ ಕಾಲೇಜು ಎಂಬುದು ಕಡ್ಡಾಯವಿಲ್ಲ. ನಾಗರಿಕ ವಿಮಾನವನ್ನು ನಡೆಸಲು ಬೇಕಾದುದು ಪದವಿಯಲ್ಲ, ಲೈಸೆನ್ಸು. ‘ಏವಿಯೇಷನ್’ ಎಂಬ ಹೆಸರನ್ನು ಹೊತ್ತ ಬಿ.ಬಿ.ಎ. ಮೊದಲಾದ ಪದವಿಗಳು ಸಾಮಾನ್ಯವಾಗಿ ವಿಮಾನನಿಲ್ದಾಣದ ಆಡಳಿತ, ಪ್ರಯಾಣಿಕರ ಸೇವೆ ಇತ್ಯಾದಿಗಳನ್ನು ಕಲಿಸುತ್ತವೆಯೇ ಹೊರತು ಹಾರಾಟವನ್ನಲ್ಲ. ಇದನ್ನು ಅರಿಯದೆ ಮೂರು ವರ್ಷದ ಶುಲ್ಕ ತುಂಬಿ, ಕೊನೆಗೆ ವಿಮಾನದ ಚಾಲಕಪೀಠವನ್ನೇ ಕಾಣದೆ ಹಿಂದಿರುಗುವುದು ವಿಷಾದಕರ. ಭಾರತದ ಮೊದಲ ಪೈಲಟ್ ಲೈಸೆನ್ಸನ್ನು 1929ರ ಫೆಬ್ರುವರಿ 10ರಂದು ಪಡೆದ ಜೆ. ಆರ್. ಡಿ. ಟಾಟಾ ಅವರು ವಿಶ್ವವಿದ್ಯಾಲಯದ ಪದವೀಧರರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು, ಅಂದರೆ ಡಿ.ಜಿ.ಸಿ.ಎ., ವಾಣಿಜ್ಯ ಪೈಲಟ್ ಲೈಸೆನ್ಸಿಗೆ ನಿಗದಿಪಡಿಸಿರುವ ಶೈಕ್ಷಣಿಕ ಅರ್ಹತೆ ಭೌತಶಾಸ್ತ್ರ ಮತ್ತು ಗಣಿತಗಳೊಡನೆ ಹನ್ನೆರಡನೆಯ ತರಗತಿಯ ಉತ್ತೀರ್ಣತೆ. ಶೇಕಡಾವಾರು ಅಂಕಗಳ ಮಾತು ಅಲ್ಲಿ ಬರುವುದಿಲ್ಲ. ಹದಿನಾರನೆಯ ವಯಸ್ಸಿಗೆ ವಿದ್ಯಾರ್ಥಿ ಲೈಸೆನ್ಸು, ಹದಿನೆಂಟಕ್ಕೆ ವಾಣಿಜ್ಯ ಲೈಸೆನ್ಸು; ನಡುವೆ 200 ಗಂಟೆಗಳ ಹಾರಾಟ. ಖಾಸಗಿ ತರಬೇತಿ ಸಂಸ್ಥೆಗಳು ಬಹುತೇಕ ಇದೇ ಅರ್ಹತೆಯನ್ನು ಅನುಸರಿಸುತ್ತವೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯು ಮಾತ್ರ ಇಂಗ್ಲಿಷ್, ಗಣಿತ, ಭೌತಶಾಸ್ತ್ರಗಳಲ್ಲಿ ಒಟ್ಟು ನೂರಕ್ಕೆ 50 ಅಂಕಗಳನ್ನು, ಮೀಸಲು ವರ್ಗದವರಿಗೆ 45ನ್ನು ಅಪೇಕ್ಷಿಸಿ, ಪ್ರವೇಶಪರೀಕ್ಷೆಯನ್ನೂ ನಡೆಸುತ್ತದೆ. ಕರ್ನಾಟಕದವರಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಹಳೆಯ ವೈಮಾನಿಕ ತರಬೇತಿ ಶಾಲೆಯಿದೆ. 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ವಿಮಾನನಿಲ್ದಾಣಗಳಲ್ಲಿಯೂ ತರಬೇತಿ ಸಂಸ್ಥೆಗಳಿಗೆ ಸ್ಥಳ ಹಂಚಿಕೆಯಾದುದರಿಂದ, ಈ ವಿದ್ಯೆಯು ಉತ್ತರ ಕರ್ನಾಟಕದ ಮನೆಬಾಗಿಲಿಗೂ ಬಂದಿದೆ ಎನ್ನಬಹುದು.

ಹೀಗಿರುವಾಗ ನೂರಕ್ಕೆ 48 ಅಂಕದ ಹುಡುಗನಿಗೆ ಪ್ರವೇಶ ದೊರೆಯುತ್ತದೆಯೇ ಎಂದರೆ, ದೊರೆಯುತ್ತದೆ. ನಿಜವಾದ ಪರೀಕ್ಷೆ ಅನಂತರದ್ದು. ವಾಯುಸಂಚಾರ ವಿದ್ಯೆ, ಹವಾಮಾನಶಾಸ್ತ್ರ, ವಾಯುಯಾನ ನಿಯಮಗಳು, ತಾಂತ್ರಿಕ ವಿಷಯಗಳು ಇವುಗಳಲ್ಲಿ ಡಿ.ಜಿ.ಸಿ.ಎ. ನಡೆಸುವ ಪ್ರತಿಯೊಂದು ಪತ್ರಿಕೆಯಲ್ಲಿಯೂ ಉತ್ತೀರ್ಣತೆಗೆ ನೂರಕ್ಕೆ 70 ಅಂಕ ಬೇಕು. 35ರ ಆಸುಪಾಸಿನ ಅಂಕಕ್ಕೆ ಪಾಸು ಎನ್ನುವ ಪರೀಕ್ಷೆಯ ಮೂಲಕ ಒಳಗೆ ಬಂದವನು, 69ಕ್ಕೂ ನಾಪಾಸು ಎನ್ನುವ ಪರೀಕ್ಷೆಯ ಮುಂದೆ ನಿಲ್ಲುತ್ತಾನೆ. ಪ್ರವೇಶದ ನಿಯಮವು ಉದಾರವಾಗಿರುವುದು ಅಲ್ಲಿಯ ವಿದ್ಯೆ ಸುಲಭವೆಂದಲ್ಲ. ಜರಡಿಯನ್ನು ಮುಂದಿನ ಹಂತದಲ್ಲಿ ಇಟ್ಟಿದ್ದಾರೆ ಎಂಬುದಷ್ಟೇ ಅದರ ಅರ್ಥ. ಶುಲ್ಕ ಕಟ್ಟಿದ ಮೇಲೆ ಜರಡಿಯಾಗುವುದಕ್ಕಿಂತ ಕಟ್ಟುವ ಮುನ್ನ ಆಗುವುದೇ ಲೇಸಾಗಿತ್ತು ಎಂದು ಅನೇಕ ಪಾಲಕರಿಗೆ ತಡವಾಗಿ ಅನ್ನಿಸುತ್ತದೆ.

ಗಣಿತ ಮತ್ತು ಭೌತಶಾಸ್ತ್ರಗಳನ್ನೇ ಏಕೆ ಕಡ್ಡಾಯ ಮಾಡಿದ್ದಾರೆ ಎಂಬುದನ್ನು ತರಗತಿಯಲ್ಲಿ ಒಂದು ಲೆಕ್ಕದಿಂದ ತೋರಿಸಬಹುದು. ವಿಜಯಪುರದ ಮೇಲಿನಿಂದ ನೇರ ಪೂರ್ವಕ್ಕೆ ಮೂತಿ ಮಾಡಿ, ಗಾಳಿಯಲ್ಲಿ 100 ನಾಟ್ ವೇಗದಿಂದ ಹೊರಟ ಚಿಕ್ಕ ವಿಮಾನವೊಂದಿದೆ ಎನ್ನಿ. ದಕ್ಷಿಣದಿಂದ 20 ನಾಟ್ ವೇಗದ ಗಾಳಿ ಬೀಸುತ್ತಿದೆ. ಚಾಲಕನು ಗಾಳಿಯನ್ನು ಲೆಕ್ಕಿಸದಿದ್ದರೆ ಒಂದು ಗಂಟೆಯ ಅನಂತರ ವಿಮಾನವು ತನ್ನ ದಾರಿಯಿಂದ 20 ನಾವಿಕ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ಉತ್ತರಕ್ಕೆ ಸರಿದಿರುತ್ತದೆ. ದಾರಿ ತಪ್ಪಬಾರದೆಂದರೆ ಮೂತಿಯನ್ನು ದಕ್ಷಿಣದ ಕಡೆಗೆ ಸುಮಾರು 11½ ಡಿಗ್ರಿ ತಿರುಗಿಸಿಕೊಂಡಿರಬೇಕು. ಆಗ ನೆಲದ ಮೇಲಿನ ವೇಗ 98 ನಾಟ್‌ಗೆ ಇಳಿಯುತ್ತದೆ. ಇದು ಪ್ರಥಮ ಪಿ.ಯು.ಸಿ.ಯ ಸದಿಶಗಳ ಪಾಠವಲ್ಲದೆ ಬೇರೇನೂ ಅಲ್ಲ. ಕರಿಹಲಗೆಯ ಮೇಲೆ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಆಕಾಶದಲ್ಲಿ ತಪ್ಪಿದರೆ ಇಂಧನ ಹೋಗುತ್ತದೆ.

ಜಿಲ್ಲೆಯ ಬೇಸಿಗೆಯೂ ಒಂದು ಪಾಠವೇ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಉಷ್ಣತೆ 40 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ನೂರಕ್ಕೆ ಸುಮಾರು 14ರಷ್ಟು ಕಡಿಮೆಯಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಶಕ್ತಿ ಕಡಿಮೆ. ವಿಮಾನವು ಮೇಲೇರಲು ರನ್‌ವೇಯ ಮೇಲೆ ಇನ್ನಷ್ಟು ದೂರ ಓಡಬೇಕಾಗುತ್ತದೆ. ಅನಿಲಗಳ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಇದು ಹೊಳೆಯುವುದಿಲ್ಲ. ತಿಳಿದುಕೊಂಡವನಿಗೆ ತಾನಾಗಿ ಹೊಳೆಯುತ್ತದೆ. ಆದುದರಿಂದ ಅಂಕ ಕಡಿಮೆಯಾದುದು ಯಾವ ಕಾರಣದಿಂದ ಎಂಬುದನ್ನು ವಿಚಾರಿಸಬೇಕು. ಭಾಷೆಗಳಲ್ಲಿಯೋ ರಸಾಯನಶಾಸ್ತ್ರದಲ್ಲಿಯೋ ಹಿಂದೆ ಬಿದ್ದು, ಗಣಿತದಲ್ಲಿ ಗಟ್ಟಿಯಾಗಿರುವ 48ರ ವಿದ್ಯಾರ್ಥಿ ಬೇರೆ. ಗಣಿತದಲ್ಲಿಯೇ ಅಂಚಿಗೆ ಬಂದು ಪಾಸಾದ 48ರ ವಿದ್ಯಾರ್ಥಿ ಬೇರೆ. ಅಂಕಪಟ್ಟಿಯ ಒಟ್ಟು ಮೊತ್ತವು ಈ ಭೇದವನ್ನು ಹೇಳುವುದಿಲ್ಲ.

ಎರಡನೆಯ ಬಗೆಯವನಿಗೂ ದಾರಿಯುಂಟು. ರಾಜ್ಯದಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸಿ, ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ಕಲೆ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತಶಾಸ್ತ್ರ, ಗಣಿತಗಳನ್ನು ಪ್ರತ್ಯೇಕವಾಗಿ ಬರೆದು ಅರ್ಹರಾದ ಉದಾಹರಣೆಗಳೂ ಇವೆ.

ವಾಯುಸೇನೆಯ ದಾರಿ ಇದಕ್ಕಿಂತ ಭಿನ್ನವಾದುದು, ಖರ್ಚಿಲ್ಲದ್ದು. ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಾಯುದಳ ವಿಭಾಗಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಹನ್ನೆರಡನೆಯ ತರಗತಿ ಪಾಸಾಗಿದ್ದರೆ ಸಾಕು, ಶೇಕಡಾವಾರಿನ ನಿರ್ಬಂಧವಿಲ್ಲ. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ನಡೆಸುವ ಲಿಖಿತ ಪರೀಕ್ಷೆಗೆ 900 ಅಂಕ, ಅದರಲ್ಲಿ ಗಣಿತಕ್ಕೆ 300; ಆಯ್ಕೆ ಮಂಡಳಿಯ ಮುಂದಿನ ಪರೀಕ್ಷೆಗಳಿಗೆ ಮತ್ತೆ 900. ಪೈಲಟ್ ಯೋಗ್ಯತೆಯ ಯಂತ್ರಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಎದುರಿಸಲು ಅವಕಾಶ. 2022ರಿಂದ ಈ ಅಕಾಡೆಮಿಗೆ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಪದವಿಯ ಅನಂತರ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಹೋಗಬಯಸುವವರಿಗೆ ಮಾತ್ರ ಒಂದು ಎಚ್ಚರಿಕೆ ಅವಶ್ಯ: ಅಲ್ಲಿ ಪದವಿಯಲ್ಲಿ ನೂರಕ್ಕೆ 60 ಬೇಕಾಗುವುದಲ್ಲದೆ, ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರಗಳೆರಡರಲ್ಲಿಯೂ ತಲಾ 50 ಇರಲೇಬೇಕು. ಹದಿನೇಳನೆಯ ವಯಸ್ಸಿನಲ್ಲಿ ಬಂದ 46 ಅಂಕವು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮುಂದೆ ಬಂದು ನಿಲ್ಲುತ್ತದೆ. ಬಿ.ಎಸ್‌ಸಿ. ಮುಗಿಸಿದ ಮೇಲೆ ಇದನ್ನು ತಿಳಿಯುವ ವಿದ್ಯಾರ್ಥಿಗೆ ಅದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಹೆಚ್ಚಿನ ವಿದ್ಯಾರ್ಹತೆ ಇದ್ದವರೂ ಈ ಜರಡಿಯಲ್ಲಿ ಉಳಿಯದಿರುವುದುಂಟು. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ವಿಮಾನ ಎಂಜಿನಿಯರಿಂಗ್ ಓದಿ ಡೆಹರಾಡೂನಿನ ವಾಯುಸೇನಾ ಆಯ್ಕೆ ಮಂಡಳಿಯ ಮುಂದೆ ನಿಂತಾಗ 25 ಅಭ್ಯರ್ಥಿಗಳಲ್ಲಿ ಒಂಬತ್ತನೆಯವರಾದರು. ಆಯ್ಕೆಯಾದವರು ಎಂಟು ಜನ.

ಈ ದಾರಿಯ ಆರಂಭಬಿಂದುವೊಂದು ಇಬ್ರಾಹಿಂಪುರದವರ ಕಣ್ಣೆದುರಿಗೇ ಇದೆ. 1963ರಲ್ಲಿ ಸ್ಥಾಪಿತವಾದ ವಿಜಯಪುರದ ಸೈನಿಕ ಶಾಲೆಯು ಮಕ್ಕಳನ್ನು ರಕ್ಷಣಾ ಅಕಾಡೆಮಿಗೆ ಸಿದ್ಧಗೊಳಿಸುವುದನ್ನೇ ಧ್ಯೇಯವಾಗಿ ಇಟ್ಟುಕೊಂಡಿದೆ. ಗೊರೂರಿನ ಕನ್ನಡ ಶಾಲೆಯಿಂದ ಇಲ್ಲಿಗೆ ಬಂದು, ರಕ್ಷಣಾ ಅಕಾಡೆಮಿಯ ಮೂಲಕ ಭೂಸೇನೆಯ ಅಧಿಕಾರಿಯಾಗಿ, ಬಳಿಕ 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನಸಂಸ್ಥೆಯನ್ನು ಆರಂಭಿಸಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಈ ಶಾಲೆಯ ಹಳೆಯ ವಿದ್ಯಾರ್ಥಿ. ಸೈನಿಕ ಶಾಲೆಗಳ ಆರನೆಯ ತರಗತಿಯ ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಒಂಬತ್ತನೆಯ ತರಗತಿಯದು ಇಂಗ್ಲಿಷಿನಲ್ಲಿ ಮಾತ್ರ. ಆದ್ದರಿಂದ ತಿಕೋಟಾ, ಬಬಲೇಶ್ವರದ ಕಡೆಯ ಕನ್ನಡ ಶಾಲೆಯ ಮಗುವಿಗೆ ಐದನೆಯ ತರಗತಿಯೇ ಸರಿಯಾದ ಕಾಲ. ಪಿ.ಯು.ಸಿ. ಮುಗಿದ ಮೇಲೆ ಪೈಲಟ್ ಆಗುವ ಮಾತು ತೆಗೆಯುವವರಲ್ಲಿ ಬಹುಮಂದಿ ಈ ಕಾಲವನ್ನು ಅರಿಯದೆಯೇ ದಾಟಿಬಂದವರು.

ಇಂಗ್ಲಿಷಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಚಾಲಕನು ನಿಯಂತ್ರಣ ಕೇಂದ್ರದೊಡನೆ ರೇಡಿಯೋದಲ್ಲಿ ಆಡುವ ಮಾತಿಗೂ ಪ್ರತ್ಯೇಕ ಪರೀಕ್ಷೆಯುಂಟು. ಅಲ್ಲಿ ಬೇಕಾದುದು ಅಲಂಕಾರದ ಇಂಗ್ಲಿಷಲ್ಲ, ಕೇಳಿದ್ದನ್ನು ತಪ್ಪಿಲ್ಲದೆ ತಿರುಗಿ ಹೇಳುವ ಇಂಗ್ಲಿಷು. ದಿನಕ್ಕೆ ಅರ್ಧ ಗಂಟೆಯ ಶ್ರವಣಾಭ್ಯಾಸದಿಂದ ಇದನ್ನು ಪ್ರೌಢಶಾಲೆಯಲ್ಲಿಯೇ ಆರಂಭಿಸಬಹುದು. ಕನ್ನಡ ಮಾಧ್ಯಮವು ಇದಕ್ಕೆ ಅಡ್ಡಿಯೆಂಬುದು ಕೇವಲ ನೆಪ.

ಇನ್ನು ಹಣದ ವಿಚಾರ. ಭಾರತದಲ್ಲಿ ವಾಣಿಜ್ಯ ಲೈಸೆನ್ಸಿನ ತರಬೇತಿಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ತಗಲುತ್ತದೆ. ದೊಡ್ಡ ವಿಮಾನವೊಂದನ್ನು ನಡೆಸುವ ಟೈಪ್ ರೇಟಿಂಗ್‌ಗೆ ಮತ್ತೆ ಹಲವು ಲಕ್ಷ ಬೇರೆ. ಶೈಕ್ಷಣಿಕ ಸಾಲವು ಏಳೂವರೆ ಲಕ್ಷವನ್ನು ದಾಟಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆಯನ್ನು ಕೇಳುತ್ತವೆ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನ ಪಾಲಿಗೆ ಇದರ ಅರ್ಥ ತೋಟವನ್ನು ಒತ್ತೆಯಿಡುವುದು ಅಥವಾ ಮಾರುವುದು. ಲೈಸೆನ್ಸು ದೊರೆತ ಮರುದಿನವೇ ಉದ್ಯೋಗ ದೊರೆಯುತ್ತದೆ ಎಂಬ ಭರವಸೆ ಇಲ್ಲ; ವಿಮಾನಸಂಸ್ಥೆಗಳ ನೇಮಕಾತಿಯು ಮಳೆಯಂತೆ ಕೆಲವು ವರ್ಷ ಸುರಿದು ಕೆಲವು ವರ್ಷ ಕೈಕೊಡುತ್ತದೆ. ಮಗನ ಅಂಕಕ್ಕಿಂತ ತಂದೆಯ ಹೊಲವೇ ಇಲ್ಲಿ ಪಣಕ್ಕೆ ಬೀಳುವುದು. ಅಂಕ ಕಡಿಮೆಯಿದ್ದರೂ ಚಿಂತೆಯಿಲ್ಲ, ಹಣ ಕಟ್ಟಿರಿ ಎಂದು ಆಹ್ವಾನಿಸುವ ಜಾಹೀರಾತನ್ನು ಈ ದೃಷ್ಟಿಯಿಂದ ಓದಬೇಕು.

ಹೀಗಾಗಿ ಕ್ರಮವು ಬಹು ಮುಖ್ಯ. ಹಣಕ್ಕೆ ಕೈಹಾಕುವ ಮೊದಲು ದೇಹಪರೀಕ್ಷೆ ನಡೆಯಬೇಕು. ಡಿ.ಜಿ.ಸಿ.ಎ. ಮಾನ್ಯತೆ ಪಡೆದ ವೈದ್ಯರಲ್ಲಿ ಎರಡನೆಯ ದರ್ಜೆಯ ಪರೀಕ್ಷೆ, ಬಳಿಕ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಂತಹ ಕೇಂದ್ರಗಳಲ್ಲಿ ಮೊದಲನೆಯ ದರ್ಜೆಯ ಪರೀಕ್ಷೆ. ನಾಗರಿಕ ವಿಮಾನಯಾನದಲ್ಲಿ ಕನ್ನಡಕ ಧರಿಸಿ ದೃಷ್ಟಿ ಸರಿಹೋಗುವುದಾದರೆ ಅಡ್ಡಿಯಿಲ್ಲ. ವಾಯುಸೇನೆಯ ನಿಯಮ ಹೆಚ್ಚು ಕಠಿಣ. ಕೆಂಪು-ಹಸಿರುಗಳನ್ನು ಬೇರ್ಪಡಿಸಿ ಗುರುತಿಸಲಾರದ ವರ್ಣಾಂಧತೆ ಇದ್ದರಂತೂ, ನೂರಕ್ಕೆ 95 ಅಂಕ ಪಡೆದವನಿಗೂ ಕಷ್ಟವೇ. ಕೆಲವು ಸಾವಿರ ರೂಪಾಯಿಯಲ್ಲಿ ತಿಳಿಯಬಹುದಾದುದನ್ನು ಹೊಲ ಮಾರಿದ ಮೇಲೆ ತಿಳಿಯಬೇಕಾಗಿಲ್ಲ.

ದೇಹಪರೀಕ್ಷೆಯ ಅನಂತರ ಡಿ.ಜಿ.ಸಿ.ಎ. ಪತ್ರಿಕೆಗಳನ್ನು ಬರೆಯಬಹುದು. ಇವುಗಳನ್ನು ಹಾರಾಟಕ್ಕೆ ಮುನ್ನವೇ, ಅಲ್ಪ ಖರ್ಚಿನಲ್ಲಿ, ಊರಿನಲ್ಲಿಯೇ ಓದಿ ಬರೆಯುವವರು ಅನೇಕರಿದ್ದಾರೆ. ವಾಯುಸಂಚಾರ ಮತ್ತು ಹವಾಮಾನ ಪತ್ರಿಕೆಗಳಲ್ಲಿ 70ನ್ನು ದಾಟಿದ ಹುಡುಗನ ಪಿ.ಯು.ಸಿ. ಅಂಕವನ್ನು ಆಮೇಲೆ ಯಾರೂ ಎತ್ತಿ ಆಡುವ ಕಾರಣವಿರುವುದಿಲ್ಲ; ಎರಡು ಸಲ ಕುಳಿತೂ ದಾಟದವನ ತಂದೆಗೆ ತೋಟವಾದರೂ ಉಳಿದಿರುತ್ತದೆ. ಅದಾದ ಬಳಿಕವೇ ತರಬೇತಿ ಸಂಸ್ಥೆಯ ಆಯ್ಕೆ. ಸಂಸ್ಥೆಯ ಹೆಸರು ಡಿ.ಜಿ.ಸಿ.ಎ. ಮಾನ್ಯತೆಯ ಪಟ್ಟಿಯಲ್ಲಿದೆಯೇ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ಹಿಂದಿನ ತಂಡದವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ಕಾದರು, ನಡುವೆ ಬಿಟ್ಟರೆ ಹಣ ಮರಳುವುದೇ ಎಂಬುದನ್ನು ಪಾಲಕರು ಖುದ್ದಾಗಿ ಹೋಗಿ ಕೇಳಬೇಕು. ಶುಲ್ಕವನ್ನು ಒಮ್ಮೆಲೇ ತುಂಬದೆ, ಹಾರಿದ ಗಂಟೆಗಳಿಗೆ ಅನುಗುಣವಾಗಿ ಕಂತಿನಲ್ಲಿ ತುಂಬುವ ಒಪ್ಪಂದವನ್ನು ಬರೆಯಿಸಿಕೊಳ್ಳಬೇಕು.

ಶಾಲೆಗಳಿಗೆ ನೆರವಾಗುವ ದಾನಿಗಳು ಒಬ್ಬ ವಿದ್ಯಾರ್ಥಿಯ ಅರ್ಧ ಕೋಟಿಯನ್ನು ಭರಿಸುವುದು ಕಷ್ಟಸಾಧ್ಯ. ಆದರೆ ಮೊದಲ ದೇಹಪರೀಕ್ಷೆಯ ವೆಚ್ಚ, ಬೆಂಗಳೂರಿಗೆ ಹೋಗಿಬರುವ ರೈಲುಖರ್ಚು, ಡಿ.ಜಿ.ಸಿ.ಎ. ಪತ್ರಿಕೆಗಳ ಶುಲ್ಕ ಮತ್ತು ಒಂದು ಕಪಾಟಿನಷ್ಟು ಪಠ್ಯಪುಸ್ತಕಗಳು, ಇಷ್ಟನ್ನು ಒದಗಿಸುವುದು ಸಣ್ಣ ನಿಧಿಯೊಂದಕ್ಕೆ ಸಾಧ್ಯ. ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ವಯೋಮಿತಿಯು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವವರೂ ಅದಕ್ಕೆ ಕೂಡ್ರಬಹುದು. ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುವ ಆ ಪರೀಕ್ಷೆಯ ಅರ್ಜಿ ತುಂಬುವ ಕಾಲ, ಅದಕ್ಕಿಂತ ಸುಮಾರು ನಾಲ್ಕು ತಿಂಗಳು ಮೊದಲೇ ಬಂದು ಹೋಗುತ್ತದೆ.