ಔಷಧದ ಹೊದಿಕೆಯೂ ಔಷಧವೇ



ಜಯನಗರದ ನಮ್ಮ ಚಿಕಿತ್ಸಾಲಯಕ್ಕೆ ಬನಶಂಕರಿಯಿಂದ ಬರುತ್ತಿದ್ದ ಹಿರಿಯ ತಾಯಿಯೊಬ್ಬರಿಗೆ ಚೂರ್ಣವನ್ನು ಜೇನುತುಪ್ಪದಲ್ಲಿ ಕಲಸಿ ಸೇವಿಸುವಂತೆ ಹೇಳಿದ್ದೆವು. ಮಾತ್ರೆ ನುಂಗುವುದು ಅವರಿಗೆ ಕಷ್ಟವಾಗಿದ್ದುದರಿಂದ, ಬೇರೊಬ್ಬ ವೈದ್ಯರು ಬರೆದುಕೊಟ್ಟಿದ್ದ ರಕ್ತದೊತ್ತಡದ ಮಾತ್ರೆಯನ್ನೂ ಮನೆಯವರು ಅರೆದು ಜೇನಿನಲ್ಲಿಯೇ ಕೊಡತೊಡಗಿದರು. ಬೆಳಿಗ್ಗೆ ತಲೆಸುತ್ತು, ರಾತ್ರಿಗೆ ಒತ್ತಡದ ಏರಿಕೆ. ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಅರೆದುದರಿಂದ ದಿನದ ಮದ್ದೆಲ್ಲ ಒಮ್ಮೆಗೇ ಮೈಸೇರುತ್ತಿತ್ತು. ಬೇರೆ ಯಾವ ಔಷಧಗಳಿವೆಯೆಂದು ಅಂದು ನಾವು ವಿಚಾರಿಸಿರಲಿಲ್ಲ. ಆ ಲೋಪ ನಮ್ಮದೇ.

ಔಷಧದಷ್ಟೇ ಅದರ ಕಾಲವೂ ಮುಖ್ಯ. ಶಾರ್ಙ್ಗಧರ ಸಂಹಿತೆಯು ಔಷಧಸೇವನೆಗೆ ಐದು ಕಾಲಗಳನ್ನು ವಿಧಿಸಿದೆ. ಇಂದಿನ ವಿಜ್ಞಾನವು ಆ ಕಾಲನಿಯಮವನ್ನು ಔಷಧದ ಹೊದಿಕೆಯಲ್ಲಿಯೇ ಅಡಗಿಸುತ್ತದೆ.

ಈ ಹೊದಿಕೆಯನ್ನು ಎಷ್ಟು ಸೂಕ್ಷ್ಮವಾಗಿ ಕಟ್ಟಬಹುದೆಂಬುದಕ್ಕೆ, 2002ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ‘ಕೊಲಾಯ್ಡೊಸೋಮ್’ ಎಂಬ ಟೊಳ್ಳು ಗೋಳಗಳೇ ನಿದರ್ಶನ. ಪಾಲಿಮರಿನ ಅತಿಸಣ್ಣ ಕಣಗಳನ್ನು ಬೆರೆಸಿದ ಎಣ್ಣೆಯಲ್ಲಿ ನೀರಿನ ಹನಿಗಳನ್ನು ಚದುರಿಸಿದರೆ, ಕಣಗಳು ತಾವಾಗಿಯೇ ಹನಿಯ ಮೇಲ್ಮೈಗೆ ಬಂದು ನೆಲೆಸುತ್ತವೆ. ಎಣ್ಣೆಗೂ ನೀರಿಗೂ ನಡುವೆ ಕಣವು ನಿಂತಾಗ ಅವೆರಡೂ ನೇರವಾಗಿ ತಾಗುವ ಜಾಗ ಕುಗ್ಗಿ, ಮೇಲ್ಮೈಶಕ್ತಿ ಇಳಿಯುತ್ತದೆ. ಆದುದರಿಂದ ಕಣವು ಅಲ್ಲಿಂದ ಸುಲಭವಾಗಿ ಕದಲದು. ಚೆಂಡಿನ ಸುತ್ತ ಬೂಂದಿಕಾಳನ್ನು ಒತ್ತೊತ್ತಾಗಿ ಹೊದಿಸಿದಂತಾಯಿತು. ಪಾಕವು ಬೂಂದಿಯನ್ನು ಹಿಡಿದಿಡುವಂತೆ ಇಲ್ಲಿ ಶಾಖದ ಬೆಸುಗೆ: ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಣಗಳು ತುಸು ಮೆದುವಾಗಿ ಒಂದಕ್ಕೊಂದು ಅಂಟುತ್ತವೆ. ಉಳಿದ ಸಂದುಗಳೇ ರಂಧ್ರಗಳು. ಕಣ ಚಿಕ್ಕದಾದಷ್ಟೂ, ಬೆಸುಗೆ ಬಲಿತಷ್ಟೂ ರಂಧ್ರ ಕಿರಿದು. ಗೋಡೆಯನ್ನು ದಾಟಿ ಏನು ಹೊರಬರಬೇಕೆಂಬುದು ಹೀಗೆ ನಿರ್ಧಾರವಾಗುತ್ತದೆ.

ನಮ್ಮ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಟೊಳ್ಳು ಸೂಕ್ಷ್ಮಕೋಶಗಳ ಸಂಶೋಧನೆ ನಡೆದಿದೆ. ಅಲ್ಲಿಯ ವಿಧಾನ ಬೇರೆ: ಸೂಕ್ಷ್ಮ ಕಣವೊಂದರ ಮೇಲೆ ಧನ ಮತ್ತು ಋಣ ವಿದ್ಯುದಂಶದ ಪಾಲಿಮರುಗಳನ್ನು ಪದರಪದರವಾಗಿ ಲೇಪಿಸಿ, ಅನಂತರ ಒಳಗಿನ ಕಣವನ್ನು ಕರಗಿಸಿಬಿಡುತ್ತಾರೆ.

ನಾವು ನುಂಗುವ ಮಾತ್ರೆಗಳಲ್ಲಿರುವುದು ಈ ಗೋಳಗಳಲ್ಲ. ಆದರೆ ಗೋಡೆಯೇ ಕಾಲವನ್ನು ಕಾಯುವುದೆಂಬ ತತ್ತ್ವ ಒಂದೇ. ಕೆಲವು ಕ್ಯಾಪ್ಸೂಲುಗಳೊಳಗೆ ಕಾಣುವ ಸಣ್ಣ ಗುಂಡುಗಳಲ್ಲಿ ಒಂದೊಂದಕ್ಕೂ ಲೇಪವಿರುತ್ತದೆ. ಕೆಲವು ಲೇಪಗಳು ಜಠರದ ಆಮ್ಲದಿಂದ ಔಷಧವನ್ನು ಕಾಪಾಡಿದರೆ, ಕೆಲವು ಔಷಧದ ಉರಿಯಿಂದ ಜಠರವನ್ನು ಕಾಪಾಡುತ್ತವೆ.

ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮಾತ್ರೆಯ ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂಬ ಅಕ್ಷರಗಳಿದ್ದರೆ ಅದನ್ನು ಅರೆಯಬೇಡಿ, ಅಗಿಯಬೇಡಿ. ಅಕ್ಷರಗಳಿಲ್ಲದಿದ್ದರೂ ವೈದ್ಯರನ್ನು ಕೇಳದೆ ಒಡೆಯಬೇಡಿ. ನುಂಗಲು ಕಷ್ಟವೆನಿಸಿದರೆ ಸಂಕೋಚವಿಲ್ಲದೆ ತಿಳಿಸಿ. ಎಷ್ಟೋ ಔಷಧಗಳಿಗೆ ಬದಲಿ ರೂಪವುಂಟು. ಯಾವ ಪದ್ಧತಿಯ ವೈದ್ಯರ ಬಳಿಗೆ ಹೋದರೂ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ತೋರಿಸಿ.

ಆ ತಾಯಿಗೆ ಅವರ ವೈದ್ಯರು ಮಾತ್ರೆಯನ್ನು ಬದಲಿಸಿಕೊಟ್ಟರು, ತಲೆಸುತ್ತು ನಿಂತಿತು. ಚೂರ್ಣವು ಈಗಲೂ ಜೇನಿನಲ್ಲಿಯೇ ನಡೆದಿದೆ.