ಅನಬೀನಾ: ಸರಪಳಿ ಬ್ಯಾಕ್ಟೀರಿಯಾದ ಕೋಶಗಳ ಕೊಡುಕೊಳ್ಳುವಿಕೆ

ಭತ್ತದ ಗದ್ದೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಮಣಿಸರದಂಥ ಹಸಿರು ಎಳೆ ಕಾಣಸಿಗಬಹುದು. ಅದೇ ಅನಬೀನಾ. ನೀಲಿ-ಹಸಿರು ಪಾಚಿ ಎಂದು ಕರೆದರೂ ಇದು ಬ್ಯಾಕ್ಟೀರಿಯಾ. ಅಜೋಲ್ಲಾ ಎಂಬ ನೀರು ಜರೀಗಿಡದ ಎಲೆಯೊಳಗೆ ಸಹಜೀವಿಯಾಗಿರುವುದೂ ಇದರದೇ ಬಳಗ.

ಸಾರಜನಕದ ಲವಣಗಳು ಸಿಗದಾದಾಗ ಸರದಲ್ಲಿ ಸುಮಾರು 10ರಿಂದ 20 ಕೋಶಗಳಿಗೊಂದು ದಪ್ಪಗೋಡೆಯ ಹೆಟೆರೋಸಿಸ್ಟ್ ಆಗುತ್ತದೆ. ಸಾರಜನಕ ಸ್ಥಿರೀಕರಿಸುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ಮಾರಕ. ಆದ್ದರಿಂದ ಈ ಕೋಶ ಆಮ್ಲಜನಕ ಬಿಡುಗಡೆ ಮಾಡುವುದನ್ನೇ ನಿಲ್ಲಿಸಿ, ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ. ನೆರೆಯ ಕೋಶಗಳು ಸುಕ್ರೋಸ್ ಕೊಡುತ್ತವೆ. ಪ್ರತಿಯಾಗಿ ಗ್ಲುಟಮಿನ್‌ನಂಥ ಸಾರಜನಕಯುಕ್ತ ಸಂಯುಕ್ತಗಳನ್ನು ಪಡೆಯುತ್ತವೆ.

ಈ ವಿನಿಮಯದ ದಾರಿಯೇ ಮುಖ್ಯ. ಕೋಶಗಳ ನಡುವಿನ ಪೆಪ್ಟಿಡೋಗ್ಲೈಕಾನ್ ಗೋಡೆಯಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲದ ರಂಧ್ರಗಳಿವೆ. ಅವನ್ನು ಕೊರೆಯುವುದು ಅಮೈಸಿ ಎಂಬ ಕಿಣ್ವ. ಅವುಗಳ ಮೂಲಕ ಹಾಯುವ ಪ್ರೋಟೀನ್ ಕೊಳವೆಗಳಿಗೆ ಸೆಪ್ಟಲ್ ಜಂಕ್ಷನ್ ಎಂದು ಹೆಸರು. 2019ರಲ್ಲಿ ಪ್ರಕಟವಾದ ಕ್ರಯೋ-ಎಲೆಕ್ಟ್ರಾನ್ ಟೊಮೊಗ್ರಫಿ ಅಧ್ಯಯನ ಅದ್ಭುತ ಸಂಗತಿಯೊಂದನ್ನು ತೋರಿಸಿತು: ಕೊಳವೆಯ ಎರಡೂ ತುದಿಗಳಿಗೆ ಮುಚ್ಚಳದಂಥ ರಚನೆಯಿದೆ, ಪೊರೆಯ ಪ್ರೋಟಾನ್ ಚಾಲಕಶಕ್ತಿ ಕುಸಿದರೆ ಕೊಳವೆ ಮುಚ್ಚಿಕೊಳ್ಳುತ್ತದೆ. ಪ್ರಾಣಿಕೋಶಗಳನ್ನು ಬೆಸೆಯುವ ಗ್ಯಾಪ್ ಜಂಕ್ಷನ್ ಮಾಡುವ ಕೆಲಸವೂ ಇಂಥದ್ದೇ. ಆದರೆ ಎರಡರ ಪ್ರೋಟೀನುಗಳು ಬೇರೆ ಬೇರೆ.

ಯಾವ ಕೋಶ ಹೆಟೆರೋಸಿಸ್ಟ್ ಆಗಬೇಕು? ಹೆಟ್‌ಆರ್ ಪ್ರೋಟೀನ್ ಅದಕ್ಕೆ ಚಾಲನೆ ಕೊಡುತ್ತದೆ. ಹೆಟೆರೋಸಿಸ್ಟ್ ಆಗುತ್ತಿರುವ ಕೋಶದಿಂದ ಹೊರಡುವ ಪ್ಯಾಟ್‌ಎಸ್ ಎಂಬ ಪುಟ್ಟ ಪೆಪ್ಟೈಡ್ ಅಕ್ಕಪಕ್ಕದ ಕೋಶಗಳಲ್ಲಿ ಹೆಟ್‌ಆರ್ ಅನ್ನು ತಡೆಯುತ್ತದೆ. ಪ್ಯಾಟ್‌ಎಸ್ ಇಲ್ಲದ ತಳಿಯಲ್ಲಿ ಹೆಟೆರೋಸಿಸ್ಟ್‌ಗಳು ಅಂಟಿಕೊಂಡೇ ಹುಟ್ಟುತ್ತವೆ.