ತಿಂಗಳ ಮಾತ್ರೆಯ ಖರ್ಚು: ಸರ್ಕಾರದಿಂದ ಏನು ಸಿಗುತ್ತದೆ, ಹೇಗೆ ಕೇಳಬೇಕು?

ಬಿಪಿ, ಶುಗರ್ ಇರುವವರ ಮನೆಯಲ್ಲಿ ಕೈ ಬಿಗಿಯಾದ ತಿಂಗಳು ಮೊದಲು ನಿಲ್ಲುವುದೇ ಮಾತ್ರೆ. ಹಾಗೆ ನಿಲ್ಲಿಸಿದರೆ ಪಾರ್ಶ್ವವಾಯು, ಕಿಡ್ನಿ ವೈಫಲ್ಯದ ಅಪಾಯ ಹೆಚ್ಚುತ್ತದೆ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂದು ಹಲವರು ನೆಚ್ಚಿಕೊಂಡಿರುತ್ತಾರೆ. ಆದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆ ಸೌಲಭ್ಯ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಮೆಡಿಕಲ್ ಶಾಪಿನಲ್ಲಿ ಪ್ರತಿ ತಿಂಗಳು ಕೊಳ್ಳುವ ಮಾತ್ರೆಗೆ ಅದರಿಂದ ಹಣ ಬರುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ.

ಉಚಿತ ಮಾತ್ರೆ ಎಲ್ಲಿ?
ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಇದರಡಿ 30 ವರ್ಷ ದಾಟಿದವರಿಗೆ ಬಿಪಿ, ಮಧುಮೇಹದ ತಪಾಸಣೆಯೂ ಅಗತ್ಯ ಮಾತ್ರೆಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೆಂದೇ ಎನ್‌ಸಿಡಿ ಕ್ಲಿನಿಕ್ ಇದೆ. ಹಳೆಯ ಔಷಧ ಚೀಟಿ ಒಯ್ದು ಹೆಸರು ನೋಂದಾಯಿಸಿ. ನಡೆದಾಡಲಾಗದ ಹಿರಿಯರಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೊಳ್ಳಲೇಬೇಕಾದರೆ
ಔಷಧದ ಜೆನೆರಿಕ್ ಹೆಸರು ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಜನೌಷಧಿ ಕೇಂದ್ರದಲ್ಲಿ ಹೆಚ್ಚಿನ ಮಾತ್ರೆಗಳು ಬ್ರ್ಯಾಂಡ್ ಮಾತ್ರೆಯ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಎಂಆರ್‌ಪಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ. ಪಡೆದರೆ ಬಿಲ್ ಸಮೇತ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ.

ಆರೋಗ್ಯ ಕೇಂದ್ರದಲ್ಲಿ 'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಎಂದರೆ?
ಬಾಯಿಮಾತಿನಲ್ಲೇ ಬಿಟ್ಟು ಬರಬೇಡಿ. ಮಾತ್ರೆಯ ಹೆಸರು, ಕೇಳಿದ ದಿನಾಂಕ ಬರೆದು ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಕೊಡಿ. ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿಯೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಯನ್ನು, ಬಳಿಕ ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕಾಣಿ. 104 ಸಹಾಯವಾಣಿಗೂ ಕರೆ ಮಾಡಬಹುದು.

ಮುಂದಿನ ಹೆಜ್ಜೆ ಮಾಹಿತಿ ಹಕ್ಕು. ಆ ಮಾತ್ರೆಗೆ ಬೇಡಿಕೆ ಯಾವಾಗ ಕಳಿಸಿದರು, ಎಷ್ಟು ಬಂತು, ಎಷ್ಟು ಹಂಚಿದರು ಎಂದು 2005ರ ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ. ಬಿಪಿಎಲ್‌ನವರು ಪುರಾವೆ ಲಗತ್ತಿಸಿದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ ಗಡುವು 48 ಗಂಟೆ.

ಕೇಳಲು ಹಿಂಜರಿಯಬೇಡಿ. ವೈದ್ಯಕೀಯ ನೆರವು ನೀಡುವುದು ಸರ್ಕಾರದ ಸಾಂವಿಧಾನಿಕ ಹೊಣೆ, ಹಣವಿಲ್ಲವೆಂದು ಅದರಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಹೇಳಿದೆ. ಬರೆದು ಕೊಟ್ಟ ಒಂದು ಅರ್ಜಿಯಿಂದ ನಿಮ್ಮ ಮನೆಗಷ್ಟೇ ಅಲ್ಲ, ಅದೇ ಮಾತ್ರೆಗಾಗಿ ಸಾಲಿನಲ್ಲಿ ನಿಂತ ಊರಿನವರೆಲ್ಲರಿಗೂ ಉಪಕಾರವಾಗುತ್ತದೆ.